ಐದು ತೊಲೆಯೋ, ಟಾಟಾನೋ

ನಮ್ಮೂರ ಸ್ಟೇಷನ್ನಿನ ಬೆಂಚು ಕಿತ್ತು ಹಾಕಿದ್ದಾರೆ.

ಊರಿನ ಹೆಸರು ಹೇಳಲ್ಲ, ಸುಮ್ನೆ ಯಾರಿಗಾದರೂ ಬೇಜಾರಾದೀತು. ಚಿಕ್ಕಜಾಜೂರಿಗೂ ದಾವಣಗೆರೆಗೂ ನಡುವೆ, ಮೆಕ್ಕೆಜೋಳದ ಹೊಲಗಳ ಮಧ್ಯೆ ಇದೆ ಅಂದುಕೊಳ್ಳಿ. ಮೊನ್ನೆ ದಾವಣಗೆರೆಗೆ ಹೋಗೋಣ ಅಂತ ಬಂದರೆ, ಮೂರು ಜನ ಮಲಗುವಷ್ಟು ಉದ್ದದ ಮರದ ಬೆಂಚು ಮಾಯ. ಆ ಜಾಗದಲ್ಲಿ ತೂತು ತೂತಿನ ಸ್ಟೀಲ್ ಸೀಟುಗಳು. ಪ್ರತಿ ಸೀಟಿನ ಮಧ್ಯೆ ಒಂದು ಆರ್ಮ್‌ರೆಸ್ಟ್. ಅದು ಕೈ ಇಡಲಿ ಅಂತ ಅಲ್ಲ, ಯಾರೂ ಮಲಗಬಾರದು ಅಂತ. ಎರಡು ತಾಸು ಕಾಯಿಸುವ ಜಾಗದಲ್ಲಿ ಮಲಗಬಾರದು ಅನ್ನೋದು ಯಾವ ನ್ಯಾಯ? ಬಿಸಿಲಿಗೆ ಕಾದ ಸ್ಟೀಲಿನ ಮೇಲೆ ದೋಸೆ ಹುಯ್ಯಬಹುದು, ಬೆಣ್ಣೆ ನಾವು ತಂದುಕೊಳ್ಳಬೇಕು ಅಷ್ಟೇ.

ಕೂತೆ. ಏಳೋಕಾಗದೆ ಕೂತವನಿಗೆ ಹಳೆಯದೆಲ್ಲ ನೆನಪಾಗುತ್ತದಲ್ವಾ? ಈ ಹಳಿ ಬಂದದ್ದು ಬರದಿಂದ. 1876–78ರ ದೊಡ್ಡ ಬರದಲ್ಲಿ ಜನ ಹಸಿದು ಸತ್ತರು. ಕಾಳು ಸಾಗಿಸೋಕೆ ರೈಲು ಬೇಕು ಅಂತ ಆಮೇಲೆ ಎಲ್ಲರಿಗೂ ಹೊಳೆಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಮೈಸೂರು ಸಂಸ್ಥಾನ ಸಾಲದಲ್ಲಿತ್ತು, 1886ರಲ್ಲಿ ತನ್ನ ರೈಲನ್ನೂ ಅದೇ ಕಂಪನಿಗೆ ಒಪ್ಪಿಸಿತು. 1889ರ ಹೊತ್ತಿಗೆ ಗುಬ್ಬಿಯಿಂದ ಹರಿಹರದವರೆಗೆ ಮೀಟರ್ ಗೇಜ್ ಹಳಿ ಬಿತ್ತು. ಚಿತ್ರದುರ್ಗ ಮಾತ್ರ ಪಕ್ಕದಲ್ಲೇ ಉಳಿಯಿತು. ಏಳು ಸುತ್ತಿನ ಕೋಟೆಯ ಊರಿನವರು ಇವತ್ತಿಗೂ ಮೇನ್ ಲೈನ್ ಹಿಡಿಯೋಕೆ ಚಿಕ್ಕಜಾಜೂರಿಗೆ ಬರಬೇಕು, ಅದೂ 1921ರಲ್ಲಿ ಹಾಕಿದ ಕವಲು ಹಳಿ ಮೇಲೆ. ತುಮಕೂರಿನಿಂದ ದುರ್ಗದ ಮೇಲೆ ದಾವಣಗೆರೆಗೆ ನೇರ ಹಳಿಯ ಮಾತು ಎತ್ತಬೇಡಿ, ನನಗೆ ಬಿಪಿ ಇದೆ.

ನಾನು ಹೇಳಬೇಕು ಅಂದುಕೊಂಡದ್ದು ಬೆಂಚಿನ ವಿಷಯ. ನಮ್ಮಜ್ಜನ ಮದುವೆ ಮಾತು ನಡೆದದ್ದು ಅದರ ಮೇಲೆ.

ಐವತ್ತರ ದಶಕ. ಆಗ ಒಂದೇ ಹಳಿ. ಎದುರಿನಿಂದ ಗಾಡಿ ಬರುವುದಿದ್ದರೆ ಈ ಗಾಡಿ ಸ್ಟೇಷನ್ನಿನಲ್ಲಿ ಕಾಯಬೇಕು. ಇದಕ್ಕೆ ಕ್ರಾಸಿಂಗ್ ಅಂತಿದ್ದರು. ಮುಂದಿನ ಸ್ಟೇಷನ್ನಿನವರೆಗೆ ಹೋಗೋಕೆ ಡ್ರೈವರ್ ಕೈಗೆ ಟೋಕನ್ ಸಿಗಬೇಕು. ದೊಡ್ಡ ಬಳೆಯಂಥದ್ದಕ್ಕೆ ಕಟ್ಟಿದ ಚರ್ಮದ ಚೀಲ, ಅದರೊಳಗೆ ಕಬ್ಬಿಣದ ಗುಂಡು. ಅದಿಲ್ಲದೆ ಗಾಡಿ ಒಂದಡಿ ಅಲ್ಲಾಡಲ್ಲ. ಬೀರೂರಿನ ಕಡೆಯ ಹೆಣ್ಣಿನವರು ಜವಳಿಗೆ ದಾವಣಗೆರೆಗೆ ಹೊರಟಿದ್ದರು. ಇಲ್ಲಿ ಹೇಗೂ ಗೂಡ್ಸ್ ಕ್ರಾಸಿಂಗಿಗೆ ಮುಕ್ಕಾಲು ಗಂಟೆ ನಿಲ್ಲುತ್ತದೆ, ಅಷ್ಟರಲ್ಲಿ ಮಾತಾಡಿ ಮುಗಿಸೋಣ ಅಂತ ಹೇಳಿ ಕಳಿಸಿದ್ದರು. ನಮ್ಮವರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಕೊಂಡು ಬಂದು ಬೆಂಚು ಹಿಡಿದರು. ಹುಡುಗಿ ಕಿಟಕಿಯಲ್ಲೇ ಕೂತಿದ್ದಳು. ಅಜ್ಜ ಹಳಿ ನೋಡುತ್ತಾ ನಿಂತಿದ್ದನಂತೆ.

ಹುಡುಗಿ ಒಪ್ಪಿಗೆ, ಹುಡುಗ ಒಪ್ಪಿಗೆ. ಬಂಗಾರದ ವಿಷಯಕ್ಕೆ ಬರುವಷ್ಟರಲ್ಲಿ ಆ ದರಿದ್ರ ಗೂಡ್ಸ್, ಹುಟ್ಟಿದಾಗಿನಿಂದ ಲೇಟಾಗಿ ಬಂದದ್ದು, ಅವತ್ತು ಟೈಮಿಗೆ ಮೊದಲೇ ಬಂದುಬಿಟ್ಟಿತು. ಟೋಕನ್ ಕೈ ಬದಲಾಯಿಸಿತು, ಸಿಗ್ನಲ್ಲಿನ ಕೈಮರ ಬಿತ್ತು, ಇವರ ಗಾಡಿ ಹೊರಟಿತು. ಹೆಣ್ಣಿನ ಸೋದರಮಾವ ಬಜ್ಜಿ ಬಾಯಲ್ಲಿಟ್ಟುಕೊಂಡೇ ಹತ್ತಿದ. ನಮ್ಮ ಮುತ್ತಜ್ಜ ಪಂಚೆ ಎತ್ತಿಕೊಂಡು ಗಾಡಿ ಪಕ್ಕ ಓಡುತ್ತಾ, "ಬಂಗಾರ ಎಷ್ಟೂ?" ಅಂತ ಕೂಗಿದ. ಬಾಯಿ ತುಂಬಿದ ಆ ಮಾವ ಕಿಟಕಿಯಿಂದ ಕೈ ಹೊರಗೆ ಹಾಕಿದ. ಐದೂ ಬೆರಳು ಬಿಡಿಸಿ.

ಐದು ತೊಲೆ ಅಂದರು ನಮ್ಮವರು. ಟಾಟಾ ಮಾಡಿದ್ದು ಅಂದರು ಅವರು.

ಮದುವೆ ಆಯಿತು. ಎರಡು ತೊಲೆ ಬಂತು. ಉಳಿದ ಮೂರು ತೊಲೆಯ ಜಗಳ ನಲವತ್ತು ವರ್ಷ ನಡೆಯಿತು. ಪ್ರತಿ ಹಬ್ಬಕ್ಕೆ, ಪ್ರತಿ ತಿಥಿಗೆ, ಯಾರೋ ಒಬ್ಬರು ಕೈ ಎತ್ತಿ ತೋರಿಸೋರು, ಹೀಗೆ ನೆಟ್ಟಗಿತ್ತು, ಅಲ್ಲಾಡಲಿಲ್ಲ ಅಂತ. ಇನ್ನೊಬ್ಬರು, ಅಲ್ಲಾಡಿತ್ತು ಅಂತ. ಕೊನೆಗಾಲದಲ್ಲಿ ಅಜ್ಜಿಯನ್ನೇ ಕೇಳಿದೆ. ನೀನು ಪಕ್ಕದಲ್ಲೇ ಕೂತಿದ್ದೆಯಲ್ಲ, ನಿಜ ಹೇಳು ಅಂತ. "ಬಜ್ಜಿ ಎಣ್ಣೆ ಕಣೋ, ಕೈ ಒದರಿದ" ಅಂದಳು.

ಈ ಮಾತೆಲ್ಲ ಈಗಿನ ಸೀಟಿನ ಮೇಲೆ ಆಗುತ್ತಿತ್ತೇ? ಆರ್ಮ್‌ರೆಸ್ಟ್ ಅಡ್ಡ ಇಟ್ಟುಕೊಂಡು ಯಾರು ಬೀಗತನ ಮಾಡುತ್ತಾರೆ? ತೊಂಬತ್ತರ ದಶಕದಲ್ಲಿ ಒಂದು ಮೀಟರ್ ಇದ್ದ ಹಳಿ 1.676 ಮೀಟರ್ ಅಗಲ ಆಯಿತು, ಕೂರುವ ಜಾಗ ಮಾತ್ರ ಕಿರಿದಾಯಿತು. ಈಗ ಜೋಡಿ ಹಳಿ ಬೇರೆ. ಕ್ರಾಸಿಂಗ್ ಇಲ್ಲ, ಕಾಯುವ ನೆಪವೂ ಇಲ್ಲ, ಆದರೂ ಗಾಡಿ ಲೇಟು. ಇದು ಹೇಗೆ ಅಂತ ನನಗೆ ಯಾರಾದರೂ ಬಿಡಿಸಿ ಹೇಳಿ. ಬೆಂಚಿನ ಮೇಲೆ ಅಂಗಾತ ಮಲಗಿದಾಗ ಇದರ ಬಗ್ಗೆ ನನಗೊಂದು ಒಳ್ಳೆ ವಿಚಾರ ಹೊಳೆದಿತ್ತು. ಕೂತರೆ ನೆನಪಾಗುತ್ತಿಲ್ಲ.

ಅಷ್ಟರಲ್ಲಿ ಆಚೆ ಪ್ಲಾಟ್‌ಫಾರ್ಮಿನಲ್ಲಿ ಹಸಿರು ಬಾವುಟದವರು ಕಂಡರು. "ಸಾರ್, ಗಾಡಿ ಎಷ್ಟು ಲೇಟು?" ಅಂತ ಕೂಗಿದೆ.

ಅವರು ಕೈ ಎತ್ತಿದರು. ಐದೂ ಬೆರಳು.

ಐದು ನಿಮಿಷವೋ, ಐವತ್ತೋ, ತಡಕೊಳ್ಳಿ ಅಂತಲೋ.