ಜರ್ಮನಿಯಲ್ಲಿ ಓದು ಎಲ್ಲರಿಗೂ ಫ್ರೀನಾ?

ಜರ್ಮನಿಯಲ್ಲಿ ಓದು ಪೂರ್ತಿ ಉಚಿತ, ದುಡ್ಡಿಲ್ಲದೆಯೂ ಹೋಗಬಹುದು ಎಂಬ ಮೆಸೇಜ್ ಆಗಾಗ ಬರುತ್ತದೆ. ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥ, ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ. ಖಾಸಗಿ ಕಾಲೇಜುಗಳ ಫೀಸು ಬೇರೆಯೇ ಲೆಕ್ಕ.

ಇನ್ನು ವೀಸಾ. ಒಂದು ವರ್ಷದ ಖರ್ಚಿಗೆ ದುಡ್ಡಿದೆ ಎಂದು ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ಆ ಮೊತ್ತ 11,904 ಯೂರೋಗೆ ಏರಿತು. ಅದನ್ನು ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಂತಿಷ್ಟೇ ತೆಗೆಯಬಹುದಾದ ಖಾತೆಯಲ್ಲಿ, ಇಟ್ಟರೆ ತಿಂಗಳು ತಿಂಗಳು ನಿಮ್ಮ ಕೈಗೇ ಬರುತ್ತದೆ, ಅದು ಫೀಸಲ್ಲ. ಆದರೂ ಮೊದಲು ಹೊಂದಿಸಬೇಕಲ್ವಾ?

ಮೆಸೇಜಿನಲ್ಲಿ ಕಾಲೇಜಿನ ಹೆಸರಿದ್ದರೆ ಹೋಖ್‌ಶೂಲ್‌ಕೊಂಪಾಸ್ (Hochschulkompass) ಎಂಬ, ಅಲ್ಲಿನ ಕಾಲೇಜುಗಳ ಪಟ್ಟಿಯಿರುವ ತಾಣದಲ್ಲಿ ಹುಡುಕಿ. ಸರ್ಕಾರಿಯೋ ಖಾಸಗಿಯೋ ಅಲ್ಲೇ ತಿಳಿಯುತ್ತದೆ. ಶುಲ್ಕವನ್ನು ವಿಶ್ವವಿದ್ಯಾಲಯದ ಸ್ವಂತ ಪುಟದಲ್ಲೇ ಓದಿ. ಕಳಿಸಿದವರು ಒಳ್ಳೇದಾಗಲಿ ಅಂತಲೇ ಕಳಿಸಿರುತ್ತಾರೆ; ಅವರಿಗೂ ಆ ಲಿಂಕ್ ಕೊಡಿ.