ಕಾಲ್ ಒತ್ತುವ ಮೊದಲು ರೇಟ್ ನೋಡ್ರಿ

ಸಣ್ಣ ಬೆಟ್‌ಗಳ ಟೇಬಲ್‌ನಲ್ಲಿ ಪೋಕರ್ ಆಡುವ ನಮ್ಮ ಕಲಬುರಗಿ ಹುಡುಗರು ಕೆಟ್ಟ ಎಲೆ ಬಂದು ಸೋಲುವುದಕ್ಕಿಂತ ಕಾಲ್ (ಎದುರಿನವನು ಹಾಕಿದಷ್ಟೇ ತಾನೂ ಹಾಕುವುದು) ಒತ್ತಿ ಒತ್ತಿ ಸೋಲುವುದೇ ಹೆಚ್ಚು. "ಇಷ್ಟ್ ಹಾಕೀನಲ್ಲ ಅಣ್ಣಾ, ಇನ್ನೊಂದ್ ಎಲಿ ನೋಡೇ ಬಿಡೋಣು" ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಾಕಿದ್ದು ಹೋಯಿತು, ಅದೀಗ ಪಾಟ್‌ನ, ಅಂದರೆ ನಡುವೆ ಕೂಡಿದ ಎಲ್ಲರ ಬೆಟ್‌ನ ಪಾಲು. ಈಗ ಹಾಕುವುದಕ್ಕೆ ಎಷ್ಟು ಸಿಗುತ್ತದೆ ಅಂತ ಕೇಳಬೇಕು.

ಮೊನ್ನೆ ನಮ್ಮ ಓಣಿಯ ಹುಡುಗನೊಬ್ಬ ಸ್ಕ್ರೀನ್‌ಶಾಟ್ ಕಳಿಸಿದ್ದ. ಬರೀ ಚಿಪ್ಸ್ ಆಟ, ರೊಕ್ಕ ಇಲ್ಲ. ಅವನ ಕೈಯಲ್ಲಿ ಆಟೀನ್ ರಾಣಿ, ಆಟೀನ್ ಗುಲಾಮ. ಟೇಬಲ್ ಮೇಲೆ ಎಲ್ಲರಿಗೂ ಸೇರಿ ಇಸ್ಪೀಟ್ ಎಕ್ಕ, ಆಟೀನ್ ಏಳು, ಆಟೀನ್ ನಾಲ್ಕು. ಟರ್ನ್‌ಗೆ (ನಾಲ್ಕನೇ ಎಲೆಗೆ) ಕಳಾವರ್ ಎರಡು. ಪಾಟ್ 60. ಎದುರಿನವನು ಪೂರಾ 60 ಬೆಟ್ ಹಾಕಿದ. ಇವನು ಯೋಚನೆಯೇ ಮಾಡದೆ ಕಾಲ್ ಒತ್ತಿದ, ಯಾಕೆಂದರೆ ಇನ್ನೊಂದು ಆಟೀನ್ ಬಂದರೆ ಐದು ಆಟೀನ್ ಕೂಡಿ ಕಲರ್!

ಲೆಕ್ಕ ನೋಡ್ರಿ. ಇವನು 60 ಹಾಕಿದರೆ ಪಾಟ್ 180. ಅಂದರೆ ಮೂರರಲ್ಲಿ ಒಂದು ಸಲವಾದರೂ ಗೆಲ್ಲಬೇಕು. ಕಾಣದ ಎಲೆಗಳು 46, ಅದರಲ್ಲಿ ಆಟೀನ್ ಒಂಬತ್ತು. ಐದರಲ್ಲಿ ಒಂದು ಸಲವೂ ಪೂರ್ತಿ ಇಲ್ಲ. "ಕಲರ್ ಆದಮ್ಯಾಲ ಅವ ಇನ್ನೂ ಕೊಡ್ತಾನಲ್ಲ?" ಅಂದ. ಒಳ್ಳೆ ಪ್ರಶ್ನೆ, ಆದರೆ ಎದುರಿನವನ ಮುಂದೆ ಉಳಿದಿದ್ದದ್ದೇ 80 ಚಿಪ್ಸ್. ಅಷ್ಟೂ ಇವನಿಗೇ ಬಂತು ಅಂದುಕೊಂಡರೂ 46 ಸಲದಲ್ಲಿ 9 ಸಲ ಇನ್ನೂರರಂತೆ (60+60+80) 1800 ಗಳಿಕೆ, 37 ಸಲ ಅರವತ್ತರಂತೆ 2220 ನಷ್ಟ. ಕೈ ಬಿಡಬೇಕಿತ್ತು. ಅದೇ ಎಲೆಗೆ ಎದುರಿನವನು ಬರೀ 15 ಬೆಟ್ ಹಾಕಿದ್ದರೆ, 90ರ ಪಾಟ್‌ಗೆ 15 ಕೊಟ್ಟ ಹಾಗೆ, ಆರರಲ್ಲಿ ಒಂದು ಸಲ ಗೆದ್ದರೆ ಸಾಕು. ಆಗ ಧಾರಾಳವಾಗಿ ಕಾಲ್ ಮಾಡಬಹುದು. ನಮ್ಮ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಎಷ್ಟೇ ಚಂದ ಇದ್ದರೂ ರೇಟ್ ಕೇಳದೆ ಯಾವ ವ್ಯಾಪಾರಿಯೂ ಚೀಲ ಎತ್ತುವುದಿಲ್ಲ.

ರೇಟ್ ನೋಡದೆ ಕಾಲ್ ಒತ್ತುವ ಈ ಅಭ್ಯಾಸ ತೀನ್ ಪತ್ತಿಯಿಂದ ಬಂದದ್ದು ಅಂತ ನನ್ನ ಬಲವಾದ ಅನಿಸಿಕೆ. ಅಲ್ಲಿ ಮೂರೂ ಎಲೆ ಮೊದಲೇ ಕೈಗೆ ಬಂದಿರುತ್ತವೆ, ರೊಕ್ಕ ಹಾಕಿ ಶೋ ಕೇಳಿದರೆ ಆಟ ಮುಗಿಯಿತು. ಹೋಲ್ಡೆಮ್‌ನಲ್ಲಿ, ಅಂದರೆ ನಾವು ಆಡುವ ಈ ಪೋಕರ್‌ನಲ್ಲಿ, ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಒಂದು ಎಲೆ ತೆರೆಯುತ್ತದೆ. ಪ್ರತಿ ಸಲ ಹೊಸ ರೇಟ್. (ತೀನ್ ಪತ್ತಿಯಲ್ಲಿ ಸಾಲಾಗಿ ಬರುವ ಸೀಕ್ವೆನ್ಸ್ ಮುಂದೆ ಕಲರ್ ಸೋಲುತ್ತದೆ, ಪೋಕರ್‌ನಲ್ಲಿ ಉಲ್ಟಾ. ಇದನ್ನೇ ಮರೆತು ಕೂರುವವರೂ ಇದ್ದಾರೆ.)

ಇನ್ನು ಬ್ಲಫ್, ಅಂದರೆ ಒಳ್ಳೆ ಎಲೆ ಇಲ್ಲದೆಯೂ ಇದ್ದ ಹಾಗೆ ಬೆಟ್ ಹಾಕುವುದು. ಪಾಟ್‌ನಷ್ಟೇ ಬೆಟ್ ಹಾಕಿ ಹೆದರಿಸಬೇಕಾದರೆ ಎದುರಿನವರು ಅರ್ಧಕ್ಕಿಂತ ಹೆಚ್ಚು ಸಲ ಎಲೆ ಬಿಡಬೇಕು. ಸಣ್ಣ ಟೇಬಲ್‌ನಲ್ಲಿ ಯಾರು ಬಿಡುತ್ತಾರೆ ಹೇಳ್ರಿ? ಎರಡರ ಜೋಡಿ ಹಿಡಿದೇ ಕೊನೆತನಕ ಬರುತ್ತಾರೆ. ಅಂಥವರ ಮುಂದೆ ಬ್ಲಫ್ ಬಿಟ್ಟುಬಿಡ್ರಿ, ನಿಮ್ಮ ಎಲೆ ಗಟ್ಟಿ ಇದ್ದಾಗ ಬೆಟ್ ದೊಡ್ಡದು ಹಾಕ್ರಿ. ಎರಡು ಜೋಡಿ ಇಟ್ಟುಕೊಂಡು ಪಾಟ್‌ನ ಕಾಲುಭಾಗ ಬೆಟ್ ಹಾಕಿದರೆ ಕಲರ್ ಕಾಯುವವನಿಗೆ ನೀವೇ ಅಗ್ಗಕ್ಕೆ ಎಲೆ ಮಾರಿದ ಹಾಗೆ. ಅದೇ ರೀತಿ, ಅಷ್ಟೊತ್ತು ಸುಮ್ಮನೆ ಕಾಲ್ ಮಾಡುತ್ತಿದ್ದವನು ರಿವರ್‌ನಲ್ಲಿ (ಕೊನೆಯ ಎಲೆಗೆ) ಒಮ್ಮೆಲೇ ದೊಡ್ಡ ರೇಸ್ ಮಾಡಿ ಬೆಟ್ ಏರಿಸಿದರೆ, ನಿಮ್ಮ ಒಂದು ಜೋಡಿ ಎಕ್ಕ ಎಷ್ಟೇ ಚಂದ ಕಂಡರೂ ಬಿಟ್ಟುಬಿಡ್ರಿ. ಈ ಮಟ್ಟದಲ್ಲಿ ಅದು ಸುಳ್ಳಾಗುವುದು ಬಹಳ ಕಡಿಮೆ.

ರೊಕ್ಕದ ಆಟದ ಬಗ್ಗೆ ನನಗೆ ಮರುಕವಿಲ್ಲ. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ 30 ಪರ್ಸೆಂಟ್ ಟಿಡಿಎಸ್, ಅಕ್ಟೋಬರ್‌ನಿಂದ ಹಾಕುವ ದುಡ್ಡಿನ ಮೇಲೆ 28 ಪರ್ಸೆಂಟ್ ಜಿಎಸ್‌ಟಿ, ಅದರ ಜೊತೆ ಆಟ ನಡೆಸುವವರು ಪಾಟ್‌ನಿಂದ ಕತ್ತರಿಸುವ ರೇಕ್. ಸರಿಯಾಗಿ ಆಡುವವನ ಸಣ್ಣ ಲಾಭವೂ ಅಲ್ಲೇ ಕರಗುತ್ತಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡಿನ ಆನ್‌ಲೈನ್ ಆಟವನ್ನೇ ನಿಷೇಧಿಸುವ ಕಾನೂನು ತಂದಿತು. ಸಾಲ ಮಾಡಿ ಆಡುವ ಹುಡುಗರನ್ನು ನೋಡಿದ ನನಗೆ ಅದು ಸರಿ ಅನಿಸಿತು. ಚಿಪ್ಸ್ ಮೇಲೆ ಆಡಿದರೂ ಲೆಕ್ಕ ಅದೇ, ಕಲಿಯುವುದಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇರೆ ಇಲ್ಲ.

ಇನ್‌ಬಾಕ್ಸ್‌ಗೆ ಹ್ಯಾಂಡ್ ಕಳಿಸುವ ತಮ್ಮಂದಿರಲ್ಲಿ ಒಂದು ಮಾತು: ಬರೀ ನಿಮ್ಮ ಎರಡು ಎಲೆ ತೋರಿಸಿ "ಕಾಲ್ ಮಾಡ್ಲೇನಣ್ಣ" ಅಂದರೆ ಉತ್ತರ ಕೊಡಲಾಗುವುದಿಲ್ಲ. ಪಾಟ್ ಎಷ್ಟಿತ್ತು, ಬೆಟ್ ಎಷ್ಟು, ಎದುರಿನವನ ಮುಂದೆ ಎಷ್ಟು ಉಳಿದಿತ್ತು, ಇವಿಷ್ಟೂ ಬರೆದು ಕಳಿಸ್ರಿ.