ನೆಲ ಡೊಂಕು, ಕಾಲಿಗೆ ದಂಡ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಳೆಯ ಇಂಗ್ಲೆಂಡಿನ ರಸ್ತೆಗಳಲ್ಲಿ ನೆಲ ನಿಜವಾಗಿಯೂ ಡೊಂಕಾಗಿತ್ತು. ಸರ್ಕಾರ ಮಾತ್ರ ಕುಣಿಯುವವರ ಕಾಲಿನ ಅಳತೆ ತೆಗೆಯಲು ಹೊರಟಿತು.

1706ರಲ್ಲಿ ಲಂಡನ್ನಿನ ಒಬ್ಬನಿಗೆ ಯಾರ್ಕ್‌ನಲ್ಲಿರುವ ದೂರದ ಚಿಕ್ಕಮ್ಮನನ್ನು ನೋಡುವ ಆಸೆಯಾಯಿತು ಅಂದುಕೊಳ್ಳಿ. ಸುಮಾರು 200 ಮೈಲಿ. ಕುದುರೆ ಕೋಚಿನ ಜಾಹೀರಾತು ನಾಲ್ಕೇ ದಿನ ಎನ್ನುತ್ತಿತ್ತು. ಜೊತೆಗೆ 'ದೇವರು ಒಪ್ಪಿದರೆ' ಅಂತ ಒಂದು ಷರತ್ತು. ಹೊರಡುವುದು ಬೆಳಗಿನ ಐದಕ್ಕೆ. ತಲೆಗೆ 14 ಪೌಂಡು ತೂಕದ ಸಾಮಾನು ಬಿಟ್ಟಿ, ಅದರ ಮೇಲೆ ಪೌಂಡಿಗೆ 3 ಪೆನ್ನಿ. ಚಿಕ್ಕಮ್ಮನಿಗೆ ಉಡುಗೊರೆ ಒಯ್ಯಬೇಕೋ, ತನಗೆ ಇನ್ನೊಂದು ಚಡ್ಡಿ ಒಯ್ಯಬೇಕೋ? ದಿಬ್ಬ ಬಂದರೆ ಇಳಿದು ನಡೆಯಬೇಕು. ಕೆಸರಲ್ಲಿ ಹೂತರೆ ಇಳಿದು ತಳ್ಳಬೇಕು. ಕುದುರೆಗೂ ಇವನಿಗೂ ಇದ್ದ ವ್ಯತ್ಯಾಸ ಒಂದೇ, ಕುದುರೆ ದುಡ್ಡು ಕೊಟ್ಟಿರಲಿಲ್ಲ.

ರಸ್ತೆ ಯಾಕೆ ಹಾಗಿತ್ತು? 1555ರ ಕಾನೂನಿನ ಪ್ರಕಾರ ಊರಿನವರೇ ವರ್ಷಕ್ಕೆ ನಾಲ್ಕು ದಿನ ಬಿಟ್ಟಿ ದುಡಿದು ರಸ್ತೆ ಸರಿ ಮಾಡಬೇಕಿತ್ತು. ಆಮೇಲೆ ಅದು ಆರು ದಿನವಾಯಿತು. ಆದರೆ ತಮ್ಮೂರಿನ ಗುಂಡಿಗೆ ಬೀಳುವವನು ಲಂಡನ್ನಿನವನು, ತಮ್ಮ ಚಿಕ್ಕಮ್ಮಂದಿರೆಲ್ಲ ಪಕ್ಕದ ಬೀದಿಯಲ್ಲೇ ಇದ್ದಾರೆ. ಯಾರು ಮೈ ಬಗ್ಗಿಸುತ್ತಾರೆ ಹೇಳಿ?

ಆಮೇಲೆ ಸುಂಕದ ಗೇಟುಗಳು ಬಂದವು. ಗಾಡಿ ನಿಲ್ಲಿಸಿ ಕಾಸು ಕೊಟ್ಟರೆ ರಸ್ತೆ ರಿಪೇರಿ ಆಗುತ್ತದೆ ಎಂಬ ಭರವಸೆ. ಅದೂ ಸಾಲದೆ 1753ರಲ್ಲಿ ಪಾರ್ಲಿಮೆಂಟಿಗೆ ಜ್ಞಾನೋದಯವಾಯಿತು: ತಪ್ಪು ರಸ್ತೆಯದ್ದಲ್ಲ, ಚಕ್ರದ್ದು! ಸುಂಕದ ರಸ್ತೆಯಲ್ಲಿ ಓಡುವ ಸರಕಿನ ಗಾಡಿಗಳ ಚಕ್ರ 9 ಇಂಚು ಅಗಲ ಇರಬೇಕು. ಗಾಡಿ ಓಡಿದಷ್ಟೂ ಅಗಲ ಚಕ್ರ ನೆಲವನ್ನು ರೋಲರಿನ ಹಾಗೆ ತಟ್ಟಿ ಸಮ ಮಾಡುತ್ತದಂತೆ. ಅಂದರೆ ರಸ್ತೆ ಕೆಡಿಸುವವನೇ ರಸ್ತೆ ಕೂಲಿ. ಸಂಬಳ ಬೇರೆ ಕೊಟ್ಟರು, ಅಗಲ ಚಕ್ರದವರಿಗೆ ಸುಂಕದಲ್ಲಿ ರಿಯಾಯಿತಿ! ರಿಯಾಯಿತಿ ಸಿಕ್ಕಿತು ಅಂತ ಅವರು ಇನ್ನೂ ಜಾಸ್ತಿ ಭಾರ ಹೇರಿದರು. ಕೆಲವರು ಚಕ್ರದ ಅಂಚನ್ನು ಓರೆ ಮಾಡಿಸಿಕೊಂಡರು. ಅದು ಉರುಳುತ್ತಾ ಕಲ್ಲನ್ನು ಅರೆದು ಪುಡಿ ಮಾಡುತ್ತಿತ್ತು. ಕಾನೂನು ಪಾಲನೆ ಚೆನ್ನಾಗಿಯೇ ನಡೆಯಿತು, ಅಲ್ವಾ?

ನಮ್ಮ ಲಂಡನ್ನಿನವನನ್ನು ಮರೆತೆ. ಅವನು 1706ರಲ್ಲೇ, ದೇವರು ಒಪ್ಪಿ, ಐದನೇ ದಿನ ಯಾರ್ಕ್ ತಲುಪಿದ. ಚಿಕ್ಕಮ್ಮ ಬಾಗಿಲಲ್ಲೇ ಕೈ ಹಿಡಿದು, "ಬಂದೆಯಾ ಮಗನೇ, ನಾಲ್ಕು ದಿನ ಇದ್ದು ಹೋಗು" ಅಂದಳು.

ಅವನು ಕೂರಲಿಲ್ಲ. ಕೂರುವ ಜಾಗ ಊದಿತ್ತು. ನಿಂತೇ ಕೇಳಿದ, "ನಾಲ್ಕು ತಿಂಗಳು ಇರಲಾ ಚಿಕ್ಕಮ್ಮ?"